ಬಾನೆಟ್ಟಿಗೆ ಗರಗಸ ತಾಗಬಾರದು

ಟಿಂಕರ್ ಮೂವತ್ತೊಂದು ವರ್ಷ ಬೇರೆಯವರ ಗಾಡಿಗಳ ಸೊಟ್ಟವನ್ನು ನೆಟ್ಟಗೆ ಮಾಡಿದ್ದ. ನುಗ್ಗಾದ ಮಡ್‌ಗಾರ್ಡು, ಒಳಕ್ಕೆ ಹೋದ ಬಾಗಿಲು, ಲಾರಿಗೆ ಮುತ್ತು ಕೊಟ್ಟು ಚಪ್ಪಟೆಯಾದ ಮೂತಿ, ಹೀಗೆ ಅವನ ಸುತ್ತಿಗೆಯ ಕೆಳಗೆ ಬಂದದ್ದು ಎಷ್ಟೋ. ಆದರೆ ಎಲ್ಲವೂ ತುಂಡು ತುಂಡು ಕೆಲಸ. ಯಾರೋ ಮಾಡಿದ್ದನ್ನು ಯಾರೋ ಕೆಡಿಸುತ್ತಾರೆ, ಇವನು ಮತ್ತೆ ಮೊದಲಿನ ಹಾಗೆ ಮಾಡಬೇಕು. ಬರಿಯ ತಗಡಿನಿಂದ ಶುರುಮಾಡಿ ಒಂದು ಇಡೀ ವಸ್ತುವನ್ನು ತಾನೇ ಮಾಡಿದೆ ಎನ್ನುವಂಥದ್ದು ಅರವತ್ತು ತುಂಬುವವರೆಗೆ ಅವನ ಬಳಿ ಒಂದೂ ಇರಲಿಲ್ಲ.

ಈಗ ಇತ್ತು. ಮನೆಯ ಪಕ್ಕದ ಶೆಡ್ಡಿನಲ್ಲಿ, ಎರಡು ಹಳೆಯ ಟೈರುಗಳ ಮೇಲೆ, ಹಾಸಿಗೆಯ ಬೆಡ್‌ಶೀಟು ಹೊದ್ದುಕೊಂಡು ಮಲಗಿತ್ತು. ಒಂದು ಬಾನೆಟ್ಟು.

ಅದು ಬಂದ ಕತೆ ಇಷ್ಟೇ. ಅವನು ಕೆಲಸ ಮಾಡುತ್ತಿದ್ದ ಗ್ಯಾರೇಜನ್ನು ಮುಚ್ಚುವ ದಿನ ಯಜಮಾನರು ಕರೆದು, "ಏನಾದರೂ ನೆನಪಿಗೆ ತಗೊಂಡು ಹೋಗಪ್ಪ" ಅಂದರು. ಉಳಿದವರು ವೆಲ್ಡಿಂಗ್ ಸೆಟ್ಟು, ಜಾಕು ಅಂತ ಕೇಳಿದರು. ಇವನು ಹಿಂಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ಎರಡೇ ಸೀಟಿನ ಒಂದು ಹಳೇ ಸ್ಪೋರ್ಟ್ಸ್ ಕಾರು ಹದಿನೈದು ವರ್ಷದಿಂದ ಕೂತಿತ್ತು. ಉದ್ದನೆಯ ಮೂತಿ, ಗಿಡ್ಡ ಹಿಂಭಾಗ, ಮೇಲೆ ಚಾವಣಿಯಿಲ್ಲ, ಒಳಗೆ ಕೂತರೆ ರಸ್ತೆಗೂ ಅಂಡಿಗೂ ಒಂದು ಗೇಣು. ಎಂಜಿನ್ನನ್ನು ಯಾರೋ ಎಂದೋ ಬಿಚ್ಚಿಕೊಂಡು ಹೋಗಿದ್ದರು. ಬಾನೆಟ್ಟು ತುಕ್ಕು ಹಿಡಿದು ಜರಡಿಯಾಗಿತ್ತು.

"ಅದರಲ್ಲೇನಿದೆಯೋ? ಬರೀ ಆಕಾರ," ಅಂದರು ಯಜಮಾನರು.

"ಆಕಾರ ಇದೆಯಲ್ಲ, ಸಾಕು ಬಿಡಿ," ಅಂದ ಟಿಂಕರ್.

ಟೆಂಪೋದಲ್ಲಿ ಬಂದು ಇಳಿದ ಅದನ್ನು ನೋಡಿ ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು. ಶೆಡ್ಡಿನಲ್ಲಿ ಅವಳು ಬಟ್ಟೆ ಒಣಹಾಕುತ್ತಿದ್ದಳು. "ರಿಟೈರಾದ ಮೇಲೆ ಗಂಡ ಮನೆಗೆ ಬರ್ತಾನೆ ಅಂತ ಕಾದಿದ್ದೆ. ಗ್ಯಾರೇಜನ್ನೇ ಕಟ್ಟಿಕೊಂಡು ಬಂದರಲ್ಲ!"

ನೆಲದ ತಗಡು, ಬಾಗಿಲು, ಅಕ್ಕಪಕ್ಕದ ಕೆಲಸ ಮುಗಿಸಿ ಕೊನೆಗೆ ಅವನು ಬಾನೆಟ್ಟಿಗೆ ಕೈ ಹಾಕಿದ. ಅಳತೆಗೆ ಹಳೆಯ ಬಾನೆಟ್ಟಿನ ಅಂಚು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಮರದ ದಿಮ್ಮಿಯಲ್ಲಿ ಗುಳಿ ತೋಡಿ, ಗೋಣಿಚೀಲಕ್ಕೆ ಮರಳು ತುಂಬಿ, ತಗಡನ್ನು ಅದರ ಮೇಲಿಟ್ಟು ಕೊಡತಿಯಲ್ಲಿ ಬಡಿಯತೊಡಗಿದ. ಜೋರಾಗಿ ಬಡಿದರೆ ತಗಡು ಮುನಿಸಿಕೊಳ್ಳುತ್ತದೆ, ಮೆತ್ತಗೆ ಬಡಿದರೆ ಕೇಳಿಸಿಕೊಳ್ಳುವುದೇ ಇಲ್ಲ. ಎರಡು ತಗಡು ಹಾಳಾದವು. ಮೂರನೆಯದು ಹದಿನಾಲ್ಕು ವಾರದಲ್ಲಿ ದಾರಿಗೆ ಬಂತು. ಎಲ್ಲಿಯೂ ಬೆಸುಗೆಯಿಲ್ಲ, ಜೋಡಣೆಯಿಲ್ಲ, ಮೂತಿಯಿಂದ ಗಾಜಿನವರೆಗೆ ಒಂದೇ ತಗಡು. ಬೂದು ಬಣ್ಣದ ಪ್ರೈಮರ್ ಹೊಡೆದು ಬಿಸಿಲಿಗಿಟ್ಟಾಗ ಬೆಳಕು ಅದರ ಮೇಲೆ ಎಲ್ಲಿಯೂ ಎಡವದೆ ಜಾರಿಹೋಯಿತು. ಆ ದಿನ ಅವನು ಮಧ್ಯಾಹ್ನದ ಊಟಕ್ಕೆ ಎರಡು ಸಲ ಕರೆಸಿಕೊಂಡ.

ಎಂಜಿನ್ ತಂದವಳು ಸೊಸೆ. ಅವಳು ಬಸ್ ಡಿಪೋದಲ್ಲಿ ಫಿಟ್ಟರ್, ಎಂಜಿನ್ ವಿಭಾಗದವಳು. ಮದುವೆಯಾಗಿ ಬಂದ ಮೊದಲ ವಾರವೇ ಲಾರಿಯಷ್ಟು ಸದ್ದು ಮಾಡುತ್ತಿದ್ದ ಅತ್ತೆಯ ಮಿಕ್ಸಿಯನ್ನು ಬಿಚ್ಚಿ, ಸುಮ್ಮನಾಗಿಸಿ ಇಟ್ಟಿದ್ದಳು. ಗಂಡ ಟೈಲರ್, ಸ್ಕ್ರೂಡ್ರೈವರನ್ನು ಬಾಚಣಿಗೆಯ ಹಾಗೆ ಹಿಡಿಯುವವನು. "ನಮ್ಮ ಮನೆಯಲ್ಲಿ ನಟ್ಟು ಬೋಲ್ಟು ಅವಳದು, ಗುಂಡಿ ಕಾಜಾ ನನ್ನದು," ಅಂತ ಅವನೇ ಹೇಳಿಕೊಂಡು ನಗುತ್ತಿದ್ದ. ಕಾರಿನ ಸೀಟು ಹೊಲಿದದ್ದು ಅವನೇ.

ಈ ಕಾರಿನ ಮೂಲ ಎಂಜಿನ್ ಎಲ್ಲಿಯೂ ಸಿಗುವಂತಿರಲಿಲ್ಲ. ಸೊಸೆ ಮೂರು ಗುಜರಿ ಅಂಗಡಿ ಸುತ್ತಿ, ಮಗುಚಿಬಿದ್ದು ಅಪ್ಪಚ್ಚಿಯಾಗಿದ್ದ ಒಂದು ಡೆಲಿವರಿ ವ್ಯಾನನ್ನು ಕಂಡುಹಿಡಿದಳು. ಹೊರಗೆ ನೋಡಿದರೆ ತುಳಿದ ಡಬ್ಬ, ಒಳಗೆ ಎಂಜಿನ್ ಮಾತ್ರ ಗುಂಡುಕಲ್ಲಿನ ಹಾಗಿತ್ತು. ಗೇರ್‌ಬಾಕ್ಸಿನ ಸಮೇತ ಇಳಿಸಿಕೊಂಡು ಬಂದಳು. ರಜೆಯ ದಿನಗಳಲ್ಲೆಲ್ಲ ಬಿಚ್ಚಿದಳು, ತೊಳೆದಳು, ರಿಂಗು ಬದಲಿಸಿದಳು. ಎಂಜಿನ್ ಕೂರಿಸಲು ಚಾಸಿಗೆ ಹೊಸ ಕಿವಿಗಳನ್ನು ಬೆಸೆದಳು. ಚಕ್ರಕ್ಕೆ ಓಟ ಕೊಡುವ ಶಾಫ್ಟನ್ನು ಲೇಥ್ ಅಂಗಡಿಯಲ್ಲಿ ಗಿಡ್ಡ ಮಾಡಿಸಿದಳು. ಇವೆಲ್ಲದರಲ್ಲಿ ಟಿಂಕರ್ ತಲೆ ಹಾಕಲಿಲ್ಲ. ಬಾಡಿ ನನ್ನದು, ಎಂಜಿನ್ ನಿನ್ನದು ಎಂದು ಅವರಿಬ್ಬರ ನಡುವೆ ಮೊದಲೇ ಮಾತಾಗಿತ್ತು.

ಎರಡೂ ಒಂದಕ್ಕೊಂದು ಎದುರಾದದ್ದು ಬಾನೆಟ್ಟು ಮುಚ್ಚಲು ಹೋದ ದಿನ. ಮುಚ್ಚಲಿಲ್ಲ. ಎಂಜಿನ್ನಿನ ತಲೆಯ ಮೇಲೆ ಟೋಪಿಯ ಹಾಗೆ ಕೂತು ಅಲ್ಲಾಡಿತು.

ಸೊಸೆ ಅಳೆಯುವ ವರ್ನಿಯರ್ ಹಿಡಿದು ಬಗ್ಗಿ ನೋಡಿದಳು. "ಮಾವ, ಮೂವತ್ತೆಂಟು ಮಿಲಿಮೀಟರ್ ಹೆಚ್ಚಿದೆ."

ಟಿಂಕರ್ ಸಂದಿಯಲ್ಲಿ ಬೆರಳು ತೂರಿಸಿ ನೋಡಿದ. "ಎರಡು ಬೆರಳು."

"ಇಲ್ಲೊಂದು ಚೌಕ ಕೊಯ್ದು, ಮೇಲೆ ಒಂದು ಡಬ್ಬಿ ಕೂರಿಸಿದರೆ ಆಗಿಹೋಯ್ತು. ಎಂಜಿನ್ ಬದಲಿಸಿದವರೆಲ್ಲ ಹಾಗೇ ಮಾಡೋದು."

"ಅವರೆಲ್ಲ ಬಾನೆಟ್ಟನ್ನ ಅಂಗಡಿಯಿಂದ ತಂದಿರ್ತಾರೆ."

"ಮಾವ, ಎಂಜಿನ್ನು..."

"ನೋಡಮ್ಮ, ಒಂದು ಮಾತು ಹೇಳಿಬಿಡ್ತೀನಿ. ಇದಕ್ಕೆ ಗರಗಸ ತಾಗಿತೋ, ನಿನ್ನ ಎಂಜಿನ್ನು ಬಂದ ದಾರಿ ಹಿಡೀತು ಅಂತ ತಿಳ್ಕೋ."

ಹೆಂಡತಿ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಬಾನೆಟ್ಟೂ ಕೊಯ್ಯಬೇಡಿ, ಎಂಜಿನ್ನೂ ಕೊಯ್ಯಬೇಡಿ. ಇಬ್ಬರೂ ಸೇರಿ ಆ ಹಗ್ಗ ಕಟ್ಟೋಕೆ ಒಂದು ಮೊಳೆ ಹೊಡೀರಿ ಮೊದಲು."

ಸೊಸೆ ಜಗಳ ಆಡಲಿಲ್ಲ. ಆಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವಳು ಬಾನೆಟ್ಟನ್ನು ಅವನೊಡನೆ ಎತ್ತಿ ಬೆಡ್‌ಶೀಟಿನ ಕೆಳಗೆ ಮಲಗಿಸಿದಳು, ಕಾರಿನ ಕೆಳಗೆ ಹೋಗಿ ಅಂಗಾತ ಬಿದ್ದುಕೊಂಡಳು, ಅರ್ಧ ಗಂಟೆ ಟಾರ್ಚು ಬಿಟ್ಟು ನೋಡಿದಳು. ಎಂಜಿನ್ನಿನ ಅಡಿಯಲ್ಲಿ ಎಣ್ಣೆ ತುಂಬಿಕೊಳ್ಳುವ ಚೇಂಬರ್ ಇರುತ್ತದಲ್ಲ, ವ್ಯಾನಿನಲ್ಲಿ ಜಾಗ ಬೇಕಾದಷ್ಟು ಇದ್ದದ್ದರಿಂದ ಅದು ಆಳದ ಪಾತ್ರೆಯ ಹಾಗಿತ್ತು. ಅದರ ತಳ ಕಾರಿನ ಅಡ್ಡಪಟ್ಟಿಯ ಮೇಲೆ ಕೂತು ಎಂಜಿನ್ನನ್ನು ಮೇಲಕ್ಕೆ ಹಿಡಿದಿತ್ತು. ಮಾರನೆಯ ವಾರ ಅವಳು ಎಂಜಿನ್ನನ್ನು ಮತ್ತೆ ಚೈನ್ ಪುಲ್ಲಿಗೆ ನೇತುಹಾಕಿ, ಚೇಂಬರನ್ನು ಬಿಚ್ಚಿ, ಅಡ್ಡಕ್ಕೆ ಕೊಯ್ದಳು. ತಗ್ಗಿಸಿದಷ್ಟನ್ನು ಎರಡು ಮಗ್ಗುಲಿಗೆ ಅಗಲ ಮಾಡಿ ಬೆಸೆದಳು, ಎಣ್ಣೆ ಹಿಡಿಯುವುದು ಕಡಿಮೆಯಾಗಬಾರದಲ್ಲ. ಎಣ್ಣೆ ಹೀರುವ ಕೊಳವೆಯನ್ನೂ ಅಷ್ಟೇ ಗಿಡ್ಡ ಮಾಡಿದಳು. ನೀರು ತುಂಬಿಸಿ ಒಂದು ದಿನ ಇಟ್ಟಳು. ಒಂದು ತೊಟ್ಟೂ ಸೋರಲಿಲ್ಲ.

ಟಿಂಕರ್ ಬೇರೆ ಕಡೆ ನೋಡುವವನ ಹಾಗೆ ಆ ಬೆಸುಗೆಯನ್ನು ನೋಡಿದ. ನೇರವಾಗಿತ್ತು. ಅವಸರ ಇರಲಿಲ್ಲ. ಗ್ಯಾರೇಜಿನಲ್ಲಿ ಇವನ ಕೈಕೆಳಗೆ ಇದ್ದವರಲ್ಲಿ ಇಬ್ಬರಿಗೆ ಮಾತ್ರ ಇಂಥ ಗೆರೆ ಎಳೆಯಲು ಬರುತ್ತಿತ್ತು.

ಎಂಜಿನ್ ಕೆಳಗೆ ಕೂತ ದಿನ ಸೊಸೆ ಅಡುಗೆಮನೆಗೆ ಹೋಗಿ ಕಲಸಿಟ್ಟ ಹಿಟ್ಟಿನಿಂದ ನಾಲ್ಕು ಉಂಡೆ ಕಿತ್ತುಕೊಂಡು ಬಂದಳು. ಎಂಜಿನ್ನಿನ ಎತ್ತರದ ಜಾಗಗಳಲ್ಲಿ ಒಂದೊಂದು ಇಟ್ಟು, ಮೇಲೆ ತೆಳು ಪ್ಲಾಸ್ಟಿಕ್ ಹೊದಿಸಿ, ಬಾನೆಟ್ಟನ್ನು ನಿಧಾನಕ್ಕೆ ಇಳಿಸಿದರು. ಈ ಸಲ ಅದು ಅಂಚಿಗೆ ಅಂಚು ಸೇರಿಸಿ ಕೂತಿತು. ಮತ್ತೆ ಎತ್ತಿದಾಗ ಉಂಡೆಗಳು ಚಪ್ಪಟೆಯಾಗಿದ್ದವು. ಕಾರ್ಬ್ಯುರೇಟರಿನ ತಲೆಯ ಮೇಲಿನದ್ದು ಎಲ್ಲಕ್ಕಿಂತ ತೆಳುವು. ಸೊಸೆ ಅದನ್ನು ಕೊಯ್ದು ಅಳೆದಳು.

"ಒಂಬತ್ತು ಮಿಲಿಮೀಟರ್ ಸಂದು ಇದೆ, ಮಾವ."

"ನನ್ನ ಹಿಟ್ಟು ವಾಪಸ್ ಕೊಡು," ಅಂದಳು ಅತ್ತೆ. "ಮಸಿ ಮೆತ್ತಿದ್ದನ್ನ ನಿನ್ನ ಮಾವನ ತಟ್ಟೆಗೇ ಹಾಕ್ತೀನಿ."

ಟಿಂಕರ್ ಸಂಜೆ ಚಹಾದ ಅಂಗಡಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಒಂಬತ್ತು ಮಿಲಿಮೀಟರಿನ ಕತೆ ಹೇಳಿದ.

ಮುಂದಿನ ಭಾನುವಾರ ಎಂಜಿನ್ ಶುರುಮಾಡುವುದು ಎಂದಾಯಿತು. ಅಕ್ಕಪಕ್ಕದ ನಾಲ್ಕು ಮನೆಯವರು ಶೆಡ್ಡಿನ ಮುಂದೆ ಬಂದು ನಿಂತರು. ಯಾರೋ ಕುರ್ಚಿಯನ್ನೂ ತಂದಿದ್ದರು. ಕಾರನ್ನು ಅಂಗಳಕ್ಕೆ ತಳ್ಳಿ ನಿಲ್ಲಿಸಿದ್ದರು. ಸೊಸೆ ಬಾನೆಟ್ಟನ್ನು ಎತ್ತಿ ಕಡ್ಡಿ ಕೊಡಲು ಹೋದಳು.

"ಅದ್ಯಾಕೆ? ಮುಚ್ಚೇ ಇರಲಿ," ಅಂದ ಟಿಂಕರ್.

"ಮೊದಲ ಸಲ ತೆರೆದಿಟ್ಟೇ ಶುರು ಮಾಡೋದು ಮಾವ. ಎಲ್ಲಾದರೂ ಸೋರಿದರೆ ಕಾಣಬೇಕು."

"ಸೋರೋದಿಲ್ಲ ಅಂತ ನೀನೇ ಹೇಳಿದೆಯಲ್ಲ. ಇಷ್ಟು ಜನ ಬಂದಿದ್ದಾರೆ, ಬಾಯಿ ತೆರಕೊಂಡಿರೋ ಕಾರು ನೋಡ್ತಾರಾ? ಮುಚ್ಚು."

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಮುಚ್ಚಿದಳು.

ಕೀ ತಿರುಗಿಸಿದಾಗ ಎರಡು ಸಲ ಕೆಮ್ಮಿತು. ಮೂರನೆಯ ಸಲಕ್ಕೆ ಸೊಸೆ ಆಕ್ಸಿಲರೇಟರ್ ಒತ್ತಿದಳು. ಎಂಜಿನ್ ಹಿಡಿದುಕೊಂಡಿತು, ಹಿಡಿದದ್ದೇ ಒಂದು ಮಗ್ಗುಲಿಗೆ ಹೊರಳಿತು. ಒಳಗಿನಿಂದ ಠಣ್ ಎಂದು ಒಂದೇ ಸದ್ದು. ಅವಳು ಥಟ್ಟನೆ ಆರಿಸಿದಳು.

ಬಾನೆಟ್ಟಿನ ಮೇಲೆ, ಸ್ವಲ್ಪ ಬಲಕ್ಕೆ, ಅರ್ಧ ನಿಂಬೆಹಣ್ಣಿನಷ್ಟು ಒಂದು ಗುಬುಟು ಎದ್ದಿತ್ತು. ಅದರ ನೆತ್ತಿಯಲ್ಲಿ ಪ್ರೈಮರ್ ಸಿಡಿದು ಬೆಳ್ಳಗೆ ತಗಡು ಕಾಣುತ್ತಿತ್ತು.

ಕುರ್ಚಿ ತಂದವರು ಕುರ್ಚಿಯನ್ನು ಮಡಚಿಕೊಂಡರು.

ತಪ್ಪು ಯಾರದೆಂದು ಹೇಳುವುದು ಕಷ್ಟ. ಡಿಪೋದ ಬಸ್ಸುಗಳಲ್ಲಿ ಎಂಜಿನ್ ಕುಣಿಯಬೇಕೆಂದರೆ ಒಂದು ಕೋಣೆಯಷ್ಟು ಜಾಗ ಇರುತ್ತದೆ. ಅದು ಎಷ್ಟು ಹೊರಳುತ್ತದೆ ಎಂದು ಸೊಸೆ ಯಾವತ್ತೂ ಅಳೆದವಳಲ್ಲ. ಟಿಂಕರನ ಮುಂದೆ ಬಂದ ಗಾಡಿಗಳೋ, ಗುದ್ದಿಸಿಕೊಂಡು ನಿಂತುಬಿಟ್ಟವು. ಅವನ ಆಯುಷ್ಯದಲ್ಲಿ ಅವನು ಕೈಯಿಟ್ಟ ಗಾಡಿ ಕೈಯಿಟ್ಟಾಗ ಓಡುತ್ತಿದ್ದದ್ದೇ ಇಲ್ಲ. ಇಬ್ಬರೂ ಸೇರಿ ನಿಂತ ಗಾಡಿಯನ್ನು ಚೊಕ್ಕವಾಗಿ ಅಳೆದಿದ್ದರು.

ಜನ ಒಬ್ಬೊಬ್ಬರಾಗಿ ಕರಗಿದರು. ಟೈಲರ್ ಮಗ ಅಪ್ಪನ ಮುಖ ನೋಡಿ, ಹೆಂಡತಿಯ ಮುಖ ನೋಡಿ, "ನಾನು ಚಹಾ ಮಾಡ್ತೀನಿ" ಅಂತ ಒಳಗೆ ಹೋದ. ಅವನು ಮದುವೆಯಾದ ಮೇಲೆ ಚಹಾ ಮಾಡಿದ್ದು ಅದೇ ಮೊದಲಿರಬೇಕು.

ಸೊಸೆ ಸ್ಟಿಯರಿಂಗ್ ಬಿಟ್ಟು ಎದ್ದಳು. "ತಪ್ಪು ನನ್ನದು ಮಾವ. ಎಂಜಿನ್ ಕೂರೋ ಮೌಂಟಿಂಗ್ ರಬ್ಬರು ವ್ಯಾನಿನದ್ದೇ ಹಾಕಿದೆ, ಅದು ತೀರಾ ಮೆತ್ತಗಿದೆ."

"ಗಟ್ಟಿಯದ್ದು ಹಾಕಿದರೆ?"

"ಹೊರಳೋದು ಅರ್ಧಕ್ಕರ್ಧ ಕಮ್ಮಿಯಾಗುತ್ತೆ. ಆದರೂ ಇನ್ನೊಂದು ಬೆರಳು ಜಾಗ ಬೇಕು. ಅದಕ್ಕಿಂತ ಗಟ್ಟಿ ಹಾಕಿದರೆ ಅದುರಿ ಅದುರಿ ನಿಮ್ಮ ಬಾಡಿಯ ಬೆಸುಗೆ ಬಿಡುತ್ತೆ."

"ಇನ್ನೂ ಕೆಳಗೆ ಇಳಿಸೋಕೆ?"

"ಇಳಿಸಿದರೆ ರಸ್ತೆಯ ಹಂಪು ಹತ್ತೋವಾಗ ಚೇಂಬರ್ ತಾಗುತ್ತೆ." ಅವಳು ಕೈಯನ್ನು ಬಟ್ಟೆಗೆ ಒರಸಿದಳು, ಒರಸಿದ್ದನ್ನೇ ಮತ್ತೆ ಒರಸಿದಳು. "ಬೇಡ ಬಿಡಿ. ನಾಳೆ ಎಂಜಿನ್ ಇಳಿಸಿಬಿಡ್ತೀನಿ. ಗುಜರಿಯಲ್ಲಿ ಇನ್ನೂ ಚಿಕ್ಕದು ಯಾವುದಾದರೂ ಬರುತ್ತೆ. ಒಂದು ವರ್ಷ ಹಿಡಿಯಬಹುದು, ಹಿಡೀಲಿ. ಬಾನೆಟ್ಟು ಕೊಯ್ಯೋದು ಬೇಡ."

ಟಿಂಕರ್‌ಗೆ ಬೇಕಾಗಿದ್ದ ಮಾತೇ ಅದು. ಕಿವಿಗೆ ಬಿದ್ದಾಗ ಮಾತ್ರ ಹಿತವಾಗಲಿಲ್ಲ. ಬಾನೆಟ್ಟಿಗೆ ಅವನದು ಹದಿನಾಲ್ಕು ವಾರ. ಆ ಎಂಜಿನ್ನಿಗೆ ಇವಳದು ಹತ್ತು ತಿಂಗಳು, ಅದೂ ವಾರಕ್ಕೆ ಸಿಗುವ ಒಂದೇ ರಜೆಯಲ್ಲಿ. ಆ ಚೇಂಬರು, ಆ ಬೆಸುಗೆ, ಎಲ್ಲ ಇಳಿಸಿ ಮೂಲೆಗಿಟ್ಟರೆ ಮುಂದಿನ ಎಂಜಿನ್ನಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಇವಳು ಅದನ್ನು ಕಣ್ಣು ಮಿಟುಕಿಸದೆ ಹೇಳಿಬಿಟ್ಟಳು.

"ಎಂಜಿನ್ ಎಲ್ಲಿಗೂ ಹೋಗೋದಿಲ್ಲ," ಅಂದ.

"ಮತ್ತೆ?"

"ಮೊದಲು ಅದನ್ನ ಕುಣಿಸು ನೋಡೋಣ. ನಾನು ಇನ್ನೂ ಸರಿಯಾಗಿ ನೋಡೇ ಇಲ್ಲ ನಿನ್ನ ಎಂಜಿನ್ನನ್ನ."

ರಬ್ಬರು ಬದಲಾಯಿಸಲು ಒಂದು ವಾರ ಹಿಡಿಯಿತು. ಆಮೇಲೆ ಬಾನೆಟ್ಟು ತೆಗೆದಿಟ್ಟು, ಟಿಂಕರ್ ಒಂದು ದಪ್ಪ ತಂತಿಯನ್ನು ಬಾನೆಟ್ಟಿನ ಬಾಗಿಗೆ ಸರಿಯಾಗಿ ಬಗ್ಗಿಸಿ ಎರಡು ಮಡ್‌ಗಾರ್ಡುಗಳ ನಡುವೆ ಕಮಾನು ಕಟ್ಟಿದ. ಸೊಸೆ ಎಂಜಿನ್ ಶುರುಮಾಡಿ ಆಕ್ಸಿಲರೇಟರ್ ಒತ್ತಿ ಬಿಟ್ಟಳು, ಒತ್ತಿ ಬಿಟ್ಟಳು. ಎಂಜಿನ್ ಪ್ರತಿಸಲ ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ ಹೊರಳಿ ತಂತಿಯನ್ನು ಒಂದೇ ಜಾಗದಲ್ಲಿ ನೂಕಿತು. ಬೇರೆಲ್ಲಿಯೂ ತಾಗಲಿಲ್ಲ. ಅವನು ತುಂಬ ಹೊತ್ತು ನೋಡಿದ. ನಾಲ್ಕು ಸಿಲಿಂಡರಿನ ಸದ್ದಿನಲ್ಲಿ ಒಂದು ಅಪಸ್ವರವೂ ಇರಲಿಲ್ಲ. ಮಗುಚಿಬಿದ್ದ ವ್ಯಾನಿನಿಂದ ಬಂದದ್ದು ಎಂದು ಗೊತ್ತಿಲ್ಲದವರು ನಂಬುತ್ತಿರಲಿಲ್ಲ.

ಬಾನೆಟ್ಟನ್ನು ತಿರುವಿ ಮರಳಿನ ಚೀಲದ ಮೇಲೆ ಮಲಗಿಸಿದ. ಒಳಮೈಯಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದ. ಗುಬುಟನ್ನು ಒಳಕ್ಕೆ ಬಡಿದು ಸಮ ಮಾಡುವ ಬದಲು, ಅದನ್ನು ಸೇರಿಸಿಕೊಂಡು ಮೂತಿಯಿಂದ ಗಾಜಿನವರೆಗೆ ಉದ್ದಕ್ಕೆ ಒಂದು ಏರು ಎಬ್ಬಿಸುವುದು ಎಂದು ಅವನ ಲೆಕ್ಕ. ಎಂಜಿನ್ ಕೇಳಿದಲ್ಲಿ ಬೆರಳಿನಷ್ಟು ಎತ್ತರ, ಮುಂದಕ್ಕೆ ಹಿಂದಕ್ಕೆ ಹೋಗುತ್ತ ಹೋಗುತ್ತ ಇಲ್ಲವಾಗಬೇಕು. ಕೊಯ್ಯುವಂತಿಲ್ಲ, ತೇಪೆ ಹಾಕುವಂತಿಲ್ಲ. ಇದ್ದ ತಗಡನ್ನೇ ಹಿಗ್ಗಿಸಬೇಕು.

ತೊಂದರೆ ಇದ್ದದ್ದು ಅಲ್ಲೇ. ಒಮ್ಮೆ ಹಿಗ್ಗಿದ ತಗಡು ಅದು. ನಡುವಿನಲ್ಲಿ ಈಗಾಗಲೇ ತೆಳುವಾಗಿತ್ತು. ಇನ್ನೊಮ್ಮೆ ಹಿಗ್ಗಿಸಹೋದರೆ ಎಲ್ಲಿ ಬೇಕಾದರೂ ಬಿರುಕು ಬಿಡಬಹುದು. ಬಿಟ್ಟರೆ ಮುಗಿಯಿತು, ಇನ್ನೊಂದು ಬಾನೆಟ್ಟು ಬಡಿಯುವ ಭುಜ ಅವನಲ್ಲಿ ಉಳಿದಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಸೊಸೆಗೆ ಹೇಳದೆಯೇ ಗೊತ್ತಾಗಿತ್ತು.

"ಒಂದು ಚೌಕ ಕೊಯ್ಯೋದಾದರೆ ಬರೀ ಚೌಕ ಹೋಗುತ್ತೆ ಮಾವ. ಇದರಲ್ಲಿ ಪೂರ್ತಿನೇ ಹೋಗಬಹುದು."

"ಹೋದರೆ ನನ್ನ ಕೈಯಲ್ಲೇ ಹೋಗಲಿ. ಗರಗಸದ ಕೈಯಲ್ಲಿ ಬೇಡ. ಆ ಗ್ಯಾಸ್ ಟಾರ್ಚು ತಗೊಂಡು ಬಾ."

ಭಾನುವಾರ ಬೆಳಿಗ್ಗೆ ಶುರುಮಾಡಿದ. ಅಂಗೈಯಗಲ ಜಾಗ ಕಾಯಿಸುವುದು, ಹತ್ತು ಏಟು, ಆರಲು ಬಿಡುವುದು, ಮತ್ತೆ ಕಾಯಿಸುವುದು. ಸೊಸೆ ಟಾರ್ಚು ಹಿಡಿದಳು. ಎಲ್ಲಿ ಹಿಡಿಯಬೇಕು ಎಂದು ಅವನು ಕೊಡತಿಯ ಹಿಡಿಯಿಂದ ತೋರಿಸುತ್ತಿದ್ದ. ಒಂದೆರಡು ಗಂಟೆಯ ನಂತರ ತೋರಿಸುವ ಮೊದಲೇ ಜ್ವಾಲೆ ಅಲ್ಲಿಗೆ ಹೋಗತೊಡಗಿತು. ಏಟಿನ ಸದ್ದು ಮೊದಲು ದಪ್ಪಗಿತ್ತು, ಮಧ್ಯಾಹ್ನದ ಹೊತ್ತಿಗೆ ತೆಳ್ಳಗಾಯಿತು. ತೆಳ್ಳಗಾದಷ್ಟೂ ಅವನು ಏಟನ್ನು ಹಗುರ ಮಾಡಿದ. ಒಂದು ಕಡೆ, ನೆತ್ತಿಯ ಹತ್ತಿರ, ಕೊಡತಿ ಬಿದ್ದಾಗ ಬಿರಿದ ಮಡಕೆಯಂಥ ಸದ್ದು ಬಂತು. ಅವನ ಕೈ ಗಾಳಿಯಲ್ಲೇ ನಿಂತಿತು.

ಸೊಸೆ ಟಾರ್ಚು ಆರಿಸಿದಳು. ಇಬ್ಬರೂ ಬಗ್ಗಿ ನೋಡಿದರು. ಅವನು ಉಗುರಿನಿಂದ ಗೀರಿದ. ಅವಳು ಆ ಜಾಗವನ್ನು ಬೆಳಕಿಗೆ ಹಿಡಿದು, ಹಿಂದಿನಿಂದ ಮೊಬೈಲಿನ ಬೆಳಕು ಬಿಟ್ಟು ಹುಡುಕಿದಳು. ಸೂಜಿಯ ಮೊನೆಯಷ್ಟೂ ಬೆಳಕು ಆಚೆ ಬರಲಿಲ್ಲ.

"ಚೀಲದ ಮರಳು ಸರಿದಿದೆ ಮಾವ. ಅಡಿಯಲ್ಲಿ ಟೊಳ್ಳಾಗಿದೆ, ಅದರ ಸದ್ದು."

ಅವನು ಚೀಲವನ್ನು ಒತ್ತಿ ನೋಡಿದ. ಹೌದು. ಮೂವತ್ತೊಂದು ವರ್ಷದಲ್ಲಿ ಇಂಥದ್ದನ್ನು ತನಗೆ ಇನ್ನೊಬ್ಬರು ಹೇಳಿಕೊಟ್ಟದ್ದು ಅವನಿಗೆ ನೆನಪಾಗಲಿಲ್ಲ. "ತುಂಬು ಮತ್ತೆ, ನೋಡ್ತಾ ನಿಂತರೆ?" ಅಂತ ಗದರಿದ. ಅವಳು ನಗುತ್ತ ತುಂಬಿದಳು.

ಹೆಂಡತಿ ಊಟದ ತಟ್ಟೆಗಳನ್ನು ಅಲ್ಲಿಗೇ ತಂದಿಟ್ಟು ಹೋದಳು. "ಮಾವ ಸೊಸೆ ಅಂದ್ರೆ ಒಬ್ಬರ ಮುಖ ಒಬ್ಬರು ನೋಡದ ಮನೆ ಬೇಕಾದಷ್ಟಿವೆ. ಇಲ್ಲಿ ನನ್ನ ಮುಖ ನೋಡೋರಿಗೇ ಗತಿಯಿಲ್ಲ."

ಎರಡನೆಯ ಭಾನುವಾರ ಏರು ಮುಗಿಯಿತು. ಮೂರನೆಯ ಭಾನುವಾರ ಅವನು ಅದನ್ನು ಸಮ ಮಾಡಿ, ಉಜ್ಜಿ, ಮತ್ತೆ ಪ್ರೈಮರ್ ಹೊಡೆದ. ಬಿಸಿಲಿಗೆ ಇಟ್ಟಾಗ ಬೆಳಕು ಈಗ ಮೊದಲಿನ ಹಾಗೆ ಸುಮ್ಮನೆ ಜಾರಿಹೋಗಲಿಲ್ಲ. ಏರಿನ ಗುಂಟ ಮೇಲಕ್ಕೆ ಹತ್ತಿ, ಒಂದು ಗಳಿಗೆ ನಿಂತು, ಕೆಳಗೆ ಇಳಿಯಿತು. ಮೊದಲಿನದು ಅಂದವಾಗಿತ್ತು. ಇದು ಒಳಗೆ ಏನೋ ಇದೆ ಎಂದು ಹೇಳುತ್ತಿತ್ತು. ಅವನು ಕಾರಿನ ಸುತ್ತ ಎರಡು ಸುತ್ತು ಬಂದ, ಕುಕ್ಕರುಗಾಲಲ್ಲಿ ಕೂತು ಮೂತಿಯ ಕಡೆಯಿಂದ ನೋಡಿದ, ಎದ್ದು ಮೊಣಕಾಲು ತಿಕ್ಕಿಕೊಂಡ. ಮೊದಲೇ ಯಾಕೆ ಹೀಗೆ ಮಾಡಲಿಲ್ಲ ಅನ್ನಿಸಿತು. ಎಂಜಿನ್ ಇಲ್ಲದಾಗ ಇದು ತಲೆಗೆ ಹೊಳೆಯುವುದಾದರೂ ಹೇಗೆ ಎಂದು ತಾನೇ ಉತ್ತರ ಹೇಳಿಕೊಂಡ.

ಈ ಸಲ ಯಾರನ್ನೂ ಕರೆಯಲಿಲ್ಲ. ಬಾನೆಟ್ಟು ಮುಚ್ಚಿದ್ದು ಸೊಸೆಯೇ. ಅವನು ಅದರ ಪಕ್ಕದಲ್ಲಿ ಕಿವಿಗೊಟ್ಟು ನಿಂತ.

"ಒತ್ತು."

ಎಂಜಿನ್ ಗುಡುಗಿತು.

"ಇನ್ನೂ ಒತ್ತು. ನಿಮ್ಮ ಬಸ್ಸೇನೋ ಇದು ಅನ್ನೋ ಹಾಗೆ ಒತ್ತು."

ಅಡುಗೆಮನೆಯ ಪಾತ್ರೆಗಳು ಅದುರಿದವು. ಬಾನೆಟ್ಟಿನ ಒಳಗಿನಿಂದ ಒಂದು ತಟ್ಟೂ ಬರಲಿಲ್ಲ.

ಬದಲಿಸಿದ ಎಂಜಿನ್ನನ್ನು ದಾಖಲಿಸಲು ಹೋದಾಗ ಸಾರಿಗೆ ಕಚೇರಿಯಲ್ಲಿ ಇನ್ಸ್‌ಪೆಕ್ಟರು ಕನ್ನಡಕ ಏರಿಸಿ ಎಂಜಿನ್ ನಂಬರನ್ನು ಅಕ್ಷರ ಅಕ್ಷರ ಓದಿದರು, ಬ್ರೇಕು ನೋಡಿದರು, ಹೊಗೆ ನೋಡಿದರು. ಬಾನೆಟ್ಟನ್ನು ಮಾತ್ರ ಡಬ್ಬಿಯ ಮುಚ್ಚಳದ ಹಾಗೆ ಎತ್ತಿ, ಡಬ್ಬಿಯ ಮುಚ್ಚಳದ ಹಾಗೆ ಇಳಿಸಿದರು. ಟಿಂಕರನ ಮೀಸೆ ಕುಣಿಯಿತು. ಸೊಸೆ ಅವನ ಅಂಗಿಯ ತೋಳು ಹಿಡಿದು ಎಳೆದದ್ದರಿಂದ ಕಾಗದಗಳಿಗೆ ಸೀಲು ಬಿತ್ತು.

ವಾಪಸ್ ಬರುವಾಗ ಸೊಸೆ ಸ್ಟಿಯರಿಂಗ್ ಹಿಡಿದಿದ್ದಳು, ಅವನು ಪಕ್ಕದಲ್ಲಿ. ಗಾಳಿಗೆ ಅವನ ನಾಲ್ಕು ಕೂದಲು ನೆಟ್ಟಗೆ ನಿಂತಿದ್ದವು. ದೊಡ್ಡ ವೃತ್ತದ ಬಳಿ ಸಿಗ್ನಲ್ ಕೆಂಪಾಯಿತು. ಪಕ್ಕದಲ್ಲಿ ಹೊಸ ಕಾರೊಂದು ಬಂದು ನಿಂತಿತು. ಅದರೊಳಗಿದ್ದವನು ಗಾಜು ಇಳಿಸಿ, ಕೆಳಕ್ಕೆ ನೋಡಿ ಮಾತಾಡಿಸಿದ. ಇವರು ಅಷ್ಟು ತಗ್ಗಿನಲ್ಲಿದ್ದರು.

"ಸಾರ್, ಚೆನ್ನಾಗಿದೆ ಗಾಡಿ! ಆದರೆ ಈ ಮಾಡೆಲ್ಲಿನ ಬಾನೆಟ್ಟು ಸಪಾಟಾಗಿರುತ್ತಲ್ವಾ? ಇದರಲ್ಲೇನು ಹೀಗೆ ಏರು?"

ಹದಿನಾಲ್ಕು ವಾರ, ಎರಡು ಹಾಳಾದ ತಗಡು, ಒಂದೂ ಬೆಸುಗೆಯಿಲ್ಲದ್ದು, ಮೂರು ಭಾನುವಾರ, ಎಲ್ಲ ಅವನ ಬಾಯಿಯ ತನಕ ಬಂತು. ಚಹಾದ ಅಂಗಡಿಯಲ್ಲಿ ಹೇಳಿ ಹೇಳಿ ಸವೆದ ಮಾತುಗಳು, ಹುಡುಕುವ ಕೆಲಸವೂ ಇರಲಿಲ್ಲ.

"ಒಳಗಿರೋದು ನನ್ನ ಸೊಸೆ ಕಟ್ಟಿದ ಎಂಜಿನ್ನು," ಅಂದ ಟಿಂಕರ್. "ಅದಕ್ಕೆ ಅಷ್ಟು ಜಾಗ ಬೇಕು."

ಸಿಗ್ನಲ್ ಹಸಿರಾಯಿತು. ಸೊಸೆಯ ಕಾಲು ಕ್ಲಚ್ಚಿನ ಮೇಲಿಂದ ಜಾರಿತು. ಕಾರು ಒಂದು ಸಲ ಮುಗ್ಗರಿಸಿ, ನಡುರಸ್ತೆಯಲ್ಲಿ ಆರಿಹೋಯಿತು. ಹಿಂದಿನ ಗಾಡಿಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದವು.

"ಎಂಜಿನ್ ಕಟ್ಟೋಕೆ ಬರುತ್ತೆ, ಓಡಿಸೋಕೆ ಬರೋದಿಲ್ಲ," ಅಂದ ಟಿಂಕರ್, ಹಿಂದಕ್ಕೆ ತಿರುಗದೆ, ಸೀಟಿಗೆ ಇನ್ನಷ್ಟು ಒರಗಿ ಕೂತುಕೊಳ್ಳುತ್ತ. "ನಿಧಾನಕ್ಕೆ ಶುರು ಮಾಡು. ಹಾರ್ನು ಹೊಡಕೊಳ್ಳಲಿ ಅವರು, ಒಂದಿಷ್ಟು ನೋಡಲಿ."